ಕಲಿಸದ ಮೇಷ್ಟ್ರು

ಮಧ್ಯಾಹ್ನ ಇನ್ಸ್‌ಪೆಕ್ಟರು ಬ್ಯಾಸ್ಕೆಟ್‌ಬಾಲ್ ಪಾಠ ನೋಡಲು ಬರುತ್ತಾರೆ ಎಂಬ ಒಂದು ಸಾಲಿನ ಚೀಟಿ ಬೆಳಗ್ಗೆ ಡ್ರಿಲ್ ಮೇಷ್ಟ್ರ ಕೈಸೇರಿತು. ಮೇಷ್ಟ್ರು ಹೆದರಲಿಲ್ಲ. ಹೆದರಿದ್ದು ಉಳಿದವರೆಲ್ಲ.

"ಕೋನ ಸರಿಯಿದ್ರೆ ಚೆಂಡು ತಾನಾಗೇ ಬೀಳುತ್ತೆ," ಎಂದು ಗಣಿತದ ಮೇಷ್ಟ್ರು ಅಂಗಳದ ತುಂಬ ತ್ರಿಕೋನ ಬರೆದರು. ಭಾಷೆಯ ಮೇಡಂ ಆಟದ ನಿಯಮಗಳನ್ನು ಬಾಯಿಪಾಠ ಮಾಡಿಸಿದರು. ಸಾಲು ನೆಟ್ಟಗಿಲ್ಲವೆಂದು ಹೆಡ್‌ಮಿಸ್ಟ್ರೆಸ್ಸು ಮೂರು ಸಲ ಸೀಟಿ ಊದಿದರು. ಇಷ್ಟೆಲ್ಲ ಆದಮೇಲೆ ಮಕ್ಕಳು ಚೆಂಡನ್ನು ಕೆಂಡದ ಹಾಗೆ ಹಿಡಿದು ಎಲ್ಲೆಲ್ಲೋ ಎಸೆದರು. ಒಂದು ಚೆಂಡು ಗಣಿತದ ಮೇಷ್ಟ್ರ ಕನ್ನಡಕ ಹಾರಿಸಿತು, ಇನ್ನೊಂದು ಹೆಡ್‌ಮಿಸ್ಟ್ರೆಸ್ಸರ ಚಹಾ ಚೆಲ್ಲಿಸಿತು. ಬುಟ್ಟಿಗೆ ಮಾತ್ರ ಒಂದೂ ಬೀಳಲಿಲ್ಲ.

"ನಂಗೆ ಬಿಟ್ಬಿಡಿ ಮೇಡಂ," ಎಂದರು ಡ್ರಿಲ್ ಮೇಷ್ಟ್ರು. ಆಮೇಲೆ ಮಕ್ಕಳ ಕಡೆ ತಿರುಗಿ, "ಕಳ್ಳ-ಪೊಲೀಸ್ ಆಡೋಣ್ವಾ, ದಿನಾ ಆಡೋ ಹಾಗೆ?"

ಚೆಂಡು ಪುಟಿಸುತ್ತಲೇ ಓಡಬೇಕು. ನಿಂತರೆ ಜೈಲು. ಬಿಡುಗಡೆ ಬೇಕೆಂದರೆ ಬುಟ್ಟಿಗೊಂದು ಚೆಂಡು.

ಇದು ಪುಸ್ತಕದ ಆಟವಲ್ಲ. ಮೇಷ್ಟ್ರು ಹುಡುಗನಾಗಿದ್ದಾಗ ಅವರ ಮೇಷ್ಟ್ರು ಗೋಡೆಗೆ ತಳವಿಲ್ಲದ ಬಕೆಟ್ಟು ನೇತುಹಾಕಿ ಆಡಿಸಿದ್ದು. ಚೆಂಡು ನೆಲಕ್ಕೆ ಬಡಿದ ಸದ್ದಿಗೆ ಆ ಸಂಜೆಗಳೆಲ್ಲ ಎದ್ದು ಬಂದವು: ಬರಿಗಾಲ ಧೂಳು, ತರಚಿದ ಮಂಡಿ, "ಇನ್ನೂ ಎಷ್ಟೊತ್ತೋ?" ಎಂದು ಅಮ್ಮ ಕೂಗುತ್ತಿದ್ದ ದನಿ. ಐವತ್ತೇಳರ ಮೇಷ್ಟ್ರು ಪ್ಯಾಂಟು ಮಡಚಿ ತಾವೇ ಕಳ್ಳರಾದರು. ಮಕ್ಕಳಿಗೆ ಹುರುಪು ಬರಲೆಂದು ಬೇಕೆಂದೇ ಸಿಕ್ಕಿಬಿದ್ದರು.

ಇನ್ಸ್‌ಪೆಕ್ಟರು ಬಂದು ನಿಂತದ್ದು ಯಾರಿಗೂ ಕಾಣಲಿಲ್ಲ. ಅವರ ಕಣ್ಣೆದುರೇ ಮೊಳದುದ್ದದ ಹುಡುಗಿಯೊಬ್ಬಳು ಮೇಷ್ಟ್ರ ಕೈಯಿಂದ ಚೆಂಡು ಕಸಿದು, ಮೂವರನ್ನು ತಪ್ಪಿಸಿ, ಬುಟ್ಟಿಗೆ ಹಾಕಿದಳು.

"ಭೇಷ್! ಯಾರಮ್ಮ ಕಲಿಸಿದ್ದು?"

"ಯಾರೂ ಕಲ್ಸಿಲ್ಲ ಸಾರ್. ನಾವು ಸುಮ್ನೆ ಆಡ್ತೀವಿ."

"ನಿಮ್ ಮೇಷ್ಟ್ರು?"

"ಅವ್ರೂ ನಮ್ ಜೊತೆ ಆಡ್ತಾರೆ. ಪಾಪ, ಯಾವಾಗ್ಲೂ ಸೋಲ್ತಾರೆ."

ಚಿಕ್ಕಂದಿನಲ್ಲಿ ಯಾರೋ ಕೇಳಿದಾಗ ಡ್ರಿಲ್ ಮೇಷ್ಟ್ರೂ ಹೀಗೇ ಹೇಳಿದ್ದರು. ಆಗ ಪಕ್ಕದಲ್ಲಿದ್ದ ತಮ್ಮ ಮೇಷ್ಟ್ರು ಯಾಕೆ ಅಷ್ಟು ಖುಷಿಯಿಂದ ನಕ್ಕರೆಂಬುದು ಇವತ್ತು ಅರ್ಥವಾಯಿತು. ಇವರೂ ಹಾಗೆಯೇ ನಕ್ಕರು.

ಇನ್ಸ್‌ಪೆಕ್ಟರು ಹೋದಮೇಲೆ ಹೆಡ್‌ಮಿಸ್ಟ್ರೆಸ್ಸು ವರದಿ ಓದಿದರು: "ಮಕ್ಕಳು ಸ್ವಂತ ಪ್ರತಿಭೆಯಿಂದಲೇ ಅದ್ಭುತವಾಗಿ ಆಡುತ್ತಾರೆ. ದೈಹಿಕ ಶಿಕ್ಷಕರು ಏನನ್ನೂ ಕಲಿಸಿದಂತಿಲ್ಲ. ಬೇಸಿಗೆ ರಜೆಯಲ್ಲಿ ಅವರಿಗೆ ಹತ್ತು ದಿನಗಳ ತರಬೇತಿ ಕಡ್ಡಾಯ."

"ಯಾವ ತರಬೇತಿ ಮೇಡಂ?" ಡ್ರಿಲ್ ಮೇಷ್ಟ್ರು ಕೇಳಿದರು.

ಹೆಡ್‌ಮಿಸ್ಟ್ರೆಸ್ಸು ಹಾಳೆ ತಿರುಗಿಸಿ ಓದಿದರು: "ಆಟವಾಡಿಸುತ್ತ ಬ್ಯಾಸ್ಕೆಟ್‌ಬಾಲ್ ಕಲಿಸುವುದು ಹೇಗೆ."