ಅತ್ತಿಗೆ ಊದದ ವಿಸಿಲ್

ನನ್ನ ಅತ್ತಿಗೆ ಕೈ ನೋಡಿ ತೀರ್ಪು ಹೇಳುತ್ತಾರೆ. ತಡೆಯಿರಿ, ಅಂಗೈ ಚಾಚಿಕೊಂಡು ಓಡಿಬರಬೇಡಿ! ನಿಮ್ಮ ಮದುವೆ, ಮನೆ, ವಿದೇಶಯಾನ ಯಾವುದೂ ಅವರಿಗೆ ಬೇಕಿಲ್ಲ. ಚೆಂಡು ಬಿಡುವಾಗ ನಿಮ್ಮ ಕೈ ಯಾವ ಕಡೆಗಿತ್ತು? ಅಷ್ಟು ಸಾಕು.

ಅವರು ನನ್ನ ದೊಡ್ಡಣ್ಣನ ಹೆಂಡತಿ. ಕಾನ್ವೆಂಟಿನಲ್ಲಿ ಗೇಮ್ಸ್ ಟೀಚರ್ ಆಗಿ ರಿಟೈರ್ ಆದವರು. ನಮ್ಮಂಥ ಮುದುಕಿಯರು ಸೀರಿಯಲ್ ನೋಡಿ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಅವರು ಟಿವಿಯಲ್ಲಿ ಫುಟ್‌ಬಾಲುಗಳನ್ನು ನೋಡುತ್ತಾರೆ. ಹೌದು, ಬಹುವಚನವೇ! ನಮ್ಮೂರ ಫುಟ್‌ಬಾಲಿನಲ್ಲಿ ಮುಂದಕ್ಕೆ ಒದ್ದರೂ ಹಿಂದಕ್ಕೆ ಒದ್ದರೂ ಪಾಸ್ ಪಾಸೇ. ಅಮೆರಿಕದವರ ಆಟದಲ್ಲಿ ಕೈಯಿಂದ ಮುಂದಕ್ಕೆ ಎಸೆಯಬಹುದು, ಆದರೆ ಒಂದು ಸರದಿಗೆ ಒಮ್ಮೆ ಮಾತ್ರ; ಅದೂ ಆ ಸರದಿ ಶುರುವಾದ ಗೆರೆಯ ಹಿಂದಿನಿಂದಲೇ. ರಗ್ಬಿಯಲ್ಲಂತೂ ಮುಂದಕ್ಕೆ ಎಸೆಯುವುದೇ ತಪ್ಪು. ಒಂದು ರಾತ್ರಿ ಆ ರಗ್ಬಿ ನೋಡುವಾಗ ನಾನು ಕೇಳಿದೆ:

“ಎಂತ ಅತ್ತಿಗೆ, ಚೆಂಡು ಮುಂದೆಯೇ ಹೋಯ್ತಲ್ಲ! ರೆಫರಿಗೆ ಕಣ್ಣಿಲ್ವಾ?”

“ಚೆಂಡು ನೋಡ್ಬೇಡ ಮಾರಾಯ್ತಿ, ಕೈ ನೋಡು. ಅವನು ಓಡ್ತಾ ಇದ್ದಾನೆ. ಹಿಂದೆ ಎಸೆದ್ರೂ ಅವನ ಓಟವೇ ಅದನ್ನು ಮುಂದೆ ಎಳ್ಕೊಂಡು ಹೋಗ್ತದೆ.”

“ಇಂಪಾಸಿಬಲ್!” ಎಂದುಬಿಟ್ಟೆ.

ಅನ್ನಬಾರದಿತ್ತು. ಮರುದಿನ ಹೊಸಂಗಡಿಯ ಪೇಟೆಯಿಂದ ಆಟೋದಲ್ಲಿ ಬರುವಾಗ ಅತ್ತಿಗೆ ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ಹಿಂದಕ್ಕೆ ಎಸೆದರು. ಹಿಂದಕ್ಕೇ, ನಾನೇ ಐ ವಿಟ್ನೆಸ್! ಅದೋ, ನಮ್ಮ ಆಟೋವನ್ನೇ ಬೆನ್ನಟ್ಟುವಂತೆ ಮುಂದಕ್ಕೆ ಪುಟಿಯುತ್ತ ಬಂದು ರಸ್ತೆಬದಿಯ ಮೀನಿನ ಬುಟ್ಟಿಗೆ ಬಿತ್ತು.

“ಎಂತ ಟೀಚರೇ, ಮೀನು ತಗೊಳ್ಳುವ ಮೊದಲೇ ಹುಳಿ ಹಿಂಡುದಾ?” ಎಂದು ಮೀನಿನವಳು ಕೂಗಿದಳು.

ಆಟೋ ನಿಲ್ಲಿಸಿ ಬಂಗುಡೆ ಕೊಳ್ಳದೆ ಉಪಾಯವಿರಲಿಲ್ಲ. ನಾನು ಕಲಿತ ಕಾನ್ವೆಂಟಿನಲ್ಲಿ ಸಿಸ್ಟರ್ ವರ್ಷವಿಡೀ ಕಲಿಸಿದರೂ ನನ್ನ ತಲೆಗೆ ಹೋಗದ ಫಿಸಿಕ್ಸ್ ಬಂಗುಡೆಯ ಜೊತೆ ಮನೆಗೆ ಬಂತು!

ಆದರೆ ನಿಜವಾದ ಪರೀಕ್ಷೆ ನಡೆದದ್ದು ಬೋವಿಕಾನದ ಮೈದಾನದಲ್ಲಿ. ಹುಡುಗಿಯರ ರಗ್ಬಿ, ಗೆದ್ದ ತಂಡಕ್ಕೆ ಜಿಲ್ಲೆಯ ಪರವಾಗಿ ಆಡುವ ಯೋಗ. ನನ್ನ ಮೊಮ್ಮಗಳು ಅದೇ ಕನಸಿನಲ್ಲಿ ಊಟ ಬಿಟ್ಟಿದ್ದಳು. ಬರಬೇಕಾಗಿದ್ದ ರೆಫರಿ ಬರಲಿಲ್ಲ. ನಿಯಮ ಬಲ್ಲವರು ಬೇರೆ ಯಾರಿದ್ದಾರೆ? ಎರಡೂ ತಂಡದವರು ಒಪ್ಪಿ ವಿಸಿಲನ್ನು ಅತ್ತಿಗೆಯ ಕೈಗಿಟ್ಟರು. ಆಟ ಮುಗಿಯುವ ಹೊತ್ತಿಗೆ ಮೊಮ್ಮಗಳು ಬಾಣದಂತೆ ಓಡುತ್ತ ಚೆಂಡನ್ನು ಗೆಳತಿಗೆ ಎಸೆದಳು, ಆ ಹುಡುಗಿ ಗೆರೆ ದಾಟಿದಳು.

“ಫಾರ್ವರ್ಡ್! ಫಾರ್ವರ್ಡ್!” ಎಂದು ಮೈದಾನವೇ ಕಿರುಚಿತು. ಅತ್ತಿಗೆ ವಿಸಿಲ್ ಊದಲಿಲ್ಲ.

ಎದುರು ತಂಡದ ಮೇಷ್ಟ್ರು, ನಮ್ಮ ಕಡೆಯ ಮಾತಿನಲ್ಲಿ ಮಾಷ್, ಧಾವಿಸಿ ಬಂದರು. “ಟೀಚರೇ, ಮನೆಯ ಹುಡುಗಿ ಅಂತ ಕಣ್ಣು ಮುಚ್ಚಿದ್ದಾ?”

ಅತ್ತಿಗೆಯ ಮುಖ ಬಿಳಿಚಿತು. ಅವರಿಗೆ ಯಾರೂ ಅಂಥ ಮಾತು ಹೇಳಿದ್ದಿಲ್ಲ. ಮೊಮ್ಮಗಳು ಅಳುತ್ತ, “ಆ ಪಾಯಿಂಟ್ ಬೇಡ ಅಜ್ಜಿ” ಎಂದಳು.

“ನೀನು ಸುಮ್ನಿರು” ಎಂದ ಅತ್ತಿಗೆ ತಮ್ಮ ಶಾಲನ್ನು ನೆಲದ ಮೇಲೆ ಅಡ್ಡ ಹಾಸಿದರು. “ಮಾಷೇ, ಈಗ ನೀವು ಓಡಿ, ಜೋರಾಗಿ. ಶಾಲು ದಾಟುವಾಗ ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ಮೆಲ್ಲ ಬಿಡಿ.”

ಮಾಷ್ ಹೊಟ್ಟೆ ಸಮೇತ ಓಡಿದರು. ಚೆಂಡು ತಲೆಯ ಮೇಲಿಂದ ಹಿಂದಕ್ಕೆ ಹಾರಿತು. ಬಿದ್ದದ್ದು ಶಾಲಿನ ಆಚೆ, ಮುಂದೆ! ಮಾಷ್ ತಮ್ಮ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

“ಇದೆಂತ ಮಾಯೆ ಟೀಚರೇ?”

“ಮಾಯೆ ಎಂತದ್ದೂ ಇಲ್ಲ. ನೀವು ಓಡಿದ್ರಿ, ಅಷ್ಟೇ.”

ಮಾಷ್ ತಾವೇ ನನ್ನ ಮೊಮ್ಮಗಳ ಕೈ ಹಿಡಿದು ಮೇಲೆತ್ತಿದರು. ಮದರ್ ಸುಪೀರಿಯರ್ ಬಂದಾಗ ಏಳುತ್ತಿದ್ದೆವಲ್ಲ, ಹಾಗೆ ನಾನು ನನಗೇ ತಿಳಿಯದೆ ಎದ್ದು ನಿಂತಿದ್ದೆ.

ರಾತ್ರಿ ಊಟಕ್ಕೆ ಕುಳಿತಾಗ ಮೊಮ್ಮಗಳು ಅತ್ತಿಗೆಯನ್ನು ಕೇಳಿದಳು, “ಅಜ್ಜಿ, ಇದು ಟಿವಿ ನೋಡಿ ಕಲ್ತದ್ದಾ?”

“ಅಲ್ಲ ಮಗಾ. ರೈಲ್ವೇ ಸ್ಟೇಷನ್ನಿನಲ್ಲಿ.”

ನಾನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ. ಅಣ್ಣ ಗಲ್ಫಿಗೆ ಹೊರಟ ದಿನ. ದಾರಿಗೆಂದು ಅತ್ತಿಗೆ ಕೊಟ್ಟ ಕಿತ್ತಳೆಗಳಲ್ಲಿ ಒಂದನ್ನು ಅವನು ಹೊರಟ ರೈಲಿನ ಕಿಟಕಿಯಿಂದ ಎಸೆದಿದ್ದ. ಅದು ನಮ್ಮಿಂದ ದೂರ, ಎಂಜಿನ್ನಿನ ಕಡೆಗೇ ಉರುಳಿಹೋಗಿತ್ತು. “ಕೊಟ್ಟದ್ದನ್ನೇ ಬಿಸಾಡಿದ ನೋಡು!” ಎಂದು ಅಮ್ಮ ನೊಂದುಕೊಂಡಿದ್ದಳು. ಆ ಸಲ ಹೋದ ಅಣ್ಣ ತಿರುಗಿ ಬರಲಿಲ್ಲ, ಅಲ್ಲಿಯೇ ತೀರಿಕೊಂಡ.

“ಎಲ್ಲರೂ ಬಿಸಾಡಿದ ಅಂದ್ರು” ಎಂದರು ಅತ್ತಿಗೆ, ತಟ್ಟೆಯ ಅನ್ನ ಕಲಸುತ್ತ. “ಕೈ ನನ್ನ ಕಡೆಗೇ ಇತ್ತು ಮಗಾ.”

ಅಂದು ನಾನೂ ಅದೇ ಪ್ಲಾಟ್‌ಫಾರ್ಮಿನಲ್ಲಿ ಅವರ ಪಕ್ಕದಲ್ಲೇ ನಿಂತಿದ್ದೆ. ನಾನು ನೋಡುತ್ತಿದ್ದದ್ದು ಕಿತ್ತಳೆಯನ್ನು.