ವಿಭೂತಿ ಒಲ್ಲದ ಬಿಲ್ವವಾಸಿಗಳಿಗೆ

ಶ್ರೀ ಪೆರಾಕ್ಸಿಡೇಸ್ ಕಿಣ್ವದವರಿಗೆ,
ನಮ್ಮ ಹೊಲದ ಬಿಲ್ವದ ಮರ, ಕಾಸಾರಶಿರಸಿ.

ಮಾನ್ಯರೇ,

ಕಣ್ಣಿಗೆ ಕಾಣದೆ ಎಲೆಯೊಳಗೆ ಕುಳಿತು ಓದಿದವರನ್ನೆಲ್ಲ ಕುಣಿಸುವ ತಮ್ಮ ಸನ್ನಿಧಿಗೆ, ಏಳನೆಯ ಇಯತ್ತೆಯನ್ನು ಒಂದೇ ಏಟಿಗೆ ಪಾಸು ಮಾಡಿದ ಮನ್ಮಥಪ್ಪನ ಶರಣು. ತಾವು ಹಸಿರಾಗಿದ್ದೀರೆಂದು ನಂಬಿ ಒಂದು ತಕರಾರನ್ನು ಪಾದಕ್ಕೆ ಮುಟ್ಟಿಸುತ್ತಿದ್ದೇನೆ.

ನನ್ನ ಅಣ್ಣನ ಮಗಳು ಸಾರಿಕಾ ಉದಗೀರದ ಕಾಲೇಜಿನಲ್ಲಿ ತಮ್ಮ ಚುರುಕುತನವನ್ನು ಅಳೆಯುತ್ತಾಳೆ. ಎಲೆಯನ್ನು ಬರ್ಫದ, ಅಂದರೆ ಮಂಜುಗಡ್ಡೆಯ, ಮೇಲೆ ಅರೆದು, ಸೋಸಿ, ಆ ರಸಕ್ಕೆ ಔಷಧಿ ಬೆರೆಸಿದರೆ ತಾವು ಅದನ್ನು ಕೇಸರಿ ಬಣ್ಣಕ್ಕೆ ತಿರುಗಿಸುತ್ತೀರಿ. ಎಷ್ಟು ಬೇಗ ತಿರುಗಿಸಿದಿರೆಂದು ಯಂತ್ರ ಹೇಳುತ್ತದೆ. ತಮಗೆ ಎಷ್ಟು ಹುಳಿ ಹಿತ, ಎಷ್ಟು ಬಿಸಿ ಹಿತ, ರಸ ಎಷ್ಟು ಹನಿ ಬೇಕು ಎಂದು ತಿಳಿಯಲು ಆಕೆ ಎರಡು ತಿಂಗಳು ಸವೆಸಿದಳು. ನಮ್ಮ ಮನೆಯ ಅಳಿಯಂದಿರಿಗೂ ಯಾರೂ ಇಷ್ಟು ಕೇಳಿ ಬಡಿಸಿಲ್ಲ.

ಒಂದೇ ಮರದ ಎಲೆಯನ್ನು ಮೂರು ಸಲ ಅಳೆದು ಮೂರೂ ತಾಳೆಯಾದರೆ ಮಾತ್ರ ಆಕೆಯ ಗುರು ಅನುರಾಧಾ ಮೇಡಂ ಸಹಿ ಹಾಕುವುದು. ಎರಡು ಸಲ ಸಾರಿಕಾಳೇ ಒಯ್ದಳು, ಸರಿಹೋಯಿತು. ಮೂರನೆಯ ಸರದಿ ಸೋಮವಾರ. ಮಂಗಳವಾರ ಯಂತ್ರ ದುರಸ್ತಿಗೆ ಹೋಗುವುದಿತ್ತು, ಅಂದು ತಪ್ಪಿದರೆ ಪದವಿ ಮುಂದಿನ ವರ್ಷಕ್ಕೆ. ಇಂಥ ನಾಜೂಕಿನ ಕೆಲಸಕ್ಕೆ ಸಹಜವಾಗಿಯೇ ನನ್ನನ್ನು ಆರಿಸಿದರು.

ಸೋಮವಾರ ಬಿಲ್ವ ಕೀಳುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ಆಕೆ ಮಾಡುತ್ತಿದ್ದಂತೆಯೇ ಹಿಂದಿನ ಸಂಜೆ ಕಿತ್ತು ಬರ್ಫದ ಡಬ್ಬಿಯಲ್ಲಿಟ್ಟೆ. ಎಲೆ ಪರೀಕ್ಷೆಗೆ ಹೋಗುತ್ತಿದೆ. ನಮ್ಮ ಮನೆಯಿಂದ ಯಾರೂ ವಿಭೂತಿಯಿಲ್ಲದೆ ಪರೀಕ್ಷೆಗೆ ಹೋದದ್ದಿಲ್ಲ. ಎಲೆಯೆಲೆಗೂ ಮೂರು ಬೆರಳು ಹಚ್ಚಿದೆ, ಒದ್ದೆ ಮಾಡಿ, ಧಾರಾಳವಾಗಿ. ಉದಗೀರದ ಮಠದ ಶಿವನಿಗೆಂದು ಅದೇ ಮರದ್ದು ಇನ್ನೊಂದು ಪೊಟ್ಟಣವನ್ನೂ ಡಬ್ಬಿಯಲ್ಲಿಟ್ಟೆ. ಅದಕ್ಕೆ ಹಚ್ಚಲಿಲ್ಲ, ಅಲ್ಲಿ ಸ್ವಾಮಿಗಳೇ ಹಚ್ಚುತ್ತಾರೆ.

ನಿಲಂಗಾದಲ್ಲಿ ಬಸ್ಸು ಬದಲಿಸಿ, ಡಬ್ಬಿಯನ್ನು ತೊಡೆಯಿಂದ ಇಳಿಸದೆ ಒಯ್ದೆ. ಕಾಲೇಜಿನಲ್ಲಿ ಅರೆದು ಔಷಧಿ ಬೆರೆಸಿದರೆ ತಾವು ಬಣ್ಣ ತೋರಿಸಲಿಲ್ಲ. ಬಿಳಿಚಿಕೊಂಡದ್ದು ಸಾರಿಕಾ. "ಕಾಕಾ, ಎಲಿಗಿ ಏನ್ ಹಚ್ಚೀರಿ?" ಎಂದಳು. "ನೀ ಹತ್ತನೇ ಇಯತ್ತೆ ಪರೀಕ್ಷಾಕ್ಕ ಹೋಗುವಾಗ ಹಚ್ಚಿದ್ದೆನಲ್ಲ, ಅದೇ ವಿಭೂತಿ" ಎಂದೆ. "ನಾ ಪಾಸಾದೆ ಕಾಕಾ, ಇದು ನಪಾಸಾತು. ಬೂದಿ ಬಿದ್ದು ರಸದಾಗಿನ ಹುಳಿ ಎಲ್ಲಾ ಸತ್ತದ" ಎಂದಳು. ಮಾನ್ಯರೇ, ತಮಗೆ ವಿಭೂತಿ ಆಗದೆಂದು ಮರಕ್ಕೊಂದು ಪಾಟಿ ತೂಗುಹಾಕಿದ್ದರೆ ತಮ್ಮ ಘನತೆಗೇನು ಕುಂದಾಗುತ್ತಿತ್ತು?

ಆಮೇಲೆ ಆಕೆ ಕೇಳದೆಯೇ ಶಿವನ ಪೊಟ್ಟಣ ಬಿಚ್ಚಿದಳು. ನಾನು ಗೋಡೆಯ ಕಡೆ ನೋಡಿದೆ. ಅರ್ಧ ನಿಮಿಷದಲ್ಲಿ ತಾವು ಕೇಸರಿಯಾದಿರಿ, ಅಳತೆ ತಾಳೆಯಾಯಿತು, ಸಹಿ ಬಿತ್ತು. ನಾನು ಬರಿಗೈಯಲ್ಲಿ ಮಠಕ್ಕೆ ಹೋದೆ. "ಮನ್ಮಥಪ್ಪಾ, ಪತ್ರಿ ಎಲ್ಲಿ?" ಎಂದರು ಸ್ವಾಮಿಗಳು. ಬರುವ ಸೋಮವಾರ ತಾವೇ ದಯಮಾಡಿಸಿ ಅವರಿಗೆ ಉತ್ತರ ಕೊಡಬೇಕೆಂದು ಪ್ರಾರ್ಥನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದ,
ಮನ್ಮಥಪ್ಪ

ತಾ.ಕ.: ಶಿವನ ಮರದಲ್ಲೇ ವಾಸವಿದ್ದು ಶಿವನ ವಿಭೂತಿ ಒಲ್ಲೆನ್ನುವ ತಮ್ಮ ಸಂಗತಿಯನ್ನು ಊರಲ್ಲಿ ಇನ್ನೂ ಬಾಯಿಬಿಟ್ಟಿಲ್ಲ. ಸಾರಿಕಾಳ ವಹಿಯಲ್ಲಿ ತಮ್ಮ ಹೆಸರು ಪುಟಪುಟಕ್ಕೂ ಇದೆ, ನನ್ನದು ಒಂದೇ ಕಡೆ: 'ತಪ್ಪಿನ ಕಾರಣ: ಕಾಕಾ'. ಅದನ್ನು ತಾವು ಅಳಿಸುವವರೆಗೆ ಮಾತ್ರ ನನ್ನ ಬಾಯಿ ಬರ್ಫದ ಮೇಲಿರುತ್ತದೆ. ಬರ್ಫ ಎಷ್ಟು ಹೊತ್ತು ನಿಲ್ಲುತ್ತದೆಂದು ತಮಗೇ ಗೊತ್ತು.