ಮಹಡಿಗೆ ಹೊರಟ ಸಮುದ್ರ

ಚಾಮರಾಜನಗರದಲ್ಲಿ ಕೂತು ಸಮುದ್ರ ಸಾಕಬೇಕೆಂಬ ಹುಚ್ಚು ಸುಧಾಕರನಿಗೆ ಹತ್ತಿದ್ದು ಫೋನಿನಿಂದ. ಹವಳದ ನಡುವೆ ಕಿತ್ತಳೆ ಬಣ್ಣದ ಮೀನೊಂದು ಬಾಲ ಆಡಿಸುವ ವಿಡಿಯೊ ನೋಡಿದವನಿಗೆ ಕಚೇರಿಯ ಕಡತದಲ್ಲೂ ಅದೇ ಕಾಣತೊಡಗಿತು. ಹೊಸ ಸಾಮಾನಿನ ಬೆಲೆ ಕೇಳಿದರೆ ಮಾತ್ರ ಮೈ ಬೆವರುತ್ತಿತ್ತು.

"ಗ್ರೈಂಡರ್‌ಗೆ ಅಂತ ಎತ್ತಿಟ್ಟಿರೋ ದುಡ್ಡು ತಗೊಳ್ಳಿ. ಅದರ ಮೇಲೆ ಒಂದು ರೂಪಾಯಿ ಹೋದ್ರೂ ಇಡ್ಲಿ ಹಿಟ್ಟು ನೀವೇ ರುಬ್ಬಬೇಕು," ಎಂದಿದ್ದಳು ಹೆಂಡತಿ ರಮ್ಯ.

ಗುಂಡ್ಲುಪೇಟೆಯ ಬ್ಯಾಂಕ್ ನೌಕರ ಗುರುಸ್ವಾಮಿಯವರಿಗೆ ವರ್ಗವಾಗಿ, ಹವಳ, ಮೀನು ಸಾಕಿದ್ದ ತಮ್ಮ ಗಾಜಿನ ತೊಟ್ಟಿ ಮಾರುತ್ತಿದ್ದಾರೆಂದು ತಿಳಿದದ್ದೇ ತಡ, ಭಾನುವಾರ ಬೆಳಿಗ್ಗೆಯೇ ಸುಧಾಕರ ಗೂಡ್ಸ್ ಆಟೊ ಹತ್ತಿದ. ಆಟೊ ಪಕ್ಕದ ಮನೆಯ ರಾಜಣ್ಣನದು. ಬಾಡಿಗೆಯಲ್ಲಿ ಸಲಹೆಯೂ ಸೇರಿತ್ತು.

ಗುರುಸ್ವಾಮಿ ಒಂದೊಂದೇ ಸಾಮಾನು ತೋರಿಸುತ್ತ ಬೆಲೆ ಹೇಳಿದರು.

"ಏನ್ಲಾ, ಒಂದ್ ಲೈಟ್‌ಗೆ ಇಷ್ಟೊಂದಾ?" ರಾಜಣ್ಣ ಬಾಯಿ ಹಾಕಿದ. "ಮದ್ವೆಗೆ ತಂದಿದ್ ಸೀರಿಯಲ್ ಸೆಟ್ಟು ನಮ್ಮಟ್ಟೀಲೇ ಬಿದ್ದದೆ. ನೀಲೀದು. ಸುತ್ತುಬುಡು."

"ಆ ಬೆಳಕಲ್ಲಿ ಹವಳ ಬದುಕಲ್ಲ ಕಣ್ರೀ," ಎಂದರು ಗುರುಸ್ವಾಮಿ.

"ಅಲೆ ಎಬ್ಸಕ್ಕೆ ಬ್ಯಾರೆ ಪಂಪಾ? ಕೂಲರ್ ಪಂಪ್ ಸಾಕು. ಇನ್ನ ಉಪ್ಪಾ? ಸಂತೇಲಿ ಕಲ್ಲುಪ್ಪು ತಗಂಡು ಎರಡ್ ಬೊಗಸೆ ಸುರ್ದ್ರೆ ಆಯ್ತು."

ಗುರುಸ್ವಾಮಿ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತುಬಿಟ್ಟರು.

ಸುಧಾಕರ ಲೆಕ್ಕ ಹಾಕಿದ. ಲೈಟು, ಅಲೆಯ ಪಂಪು ಬಿಡುವಂತಿಲ್ಲ. ನೀರಿನ ಕೊಳೆಯನ್ನು ನೊರೆ ಮಾಡಿ ತೆಗೆಯುವ ಯಂತ್ರ ಇಷ್ಟು ಸಣ್ಣ ತೊಟ್ಟಿಗೆ ಬೇಡ, ವಾರವಾರ ಒಂದಿಷ್ಟು ನೀರು ಬದಲಿಸಿದರಾಯಿತು. ಹೀಟರಂತೂ ಚಾಮರಾಜನಗರದ ಬಿಸಿಲಿಗೆ ಅವಮಾನ. ಅಳೆದು ಸುರಿದು ಕೊನೆಗೆ ಎಲ್ಲವೂ ಗ್ರೈಂಡರಿನೊಳಗೇ ಹಿಡಿಸಿತು. ಗುರುಸ್ವಾಮಿಯವರದು ಒಂದೇ ಷರತ್ತು: "ಮೀನು, ಹವಳ, ಕಲ್ಲು, ಹಳೇ ನೀರು, ಎಲ್ಲಾ ಒಟ್ಟಿಗೇ ಹೋಗ್ಬೇಕು. ಇವತ್ತು ಸಂಜೆಯೊಳಗೆ ಜೋಡಿಸ್ಲಿಲ್ಲ ಅಂದ್ರೆ ಒಂದೂ ಉಳಿಯಲ್ಲ."

ವಾಪಸಾಗುವ ದಾರಿಯಲ್ಲಿ ತೆರಕಣಾಂಬಿ ಬರುವ ಹೊತ್ತಿಗೆ, ಮೀನಿನ ಬಕೆಟ್ಟಿಗೆ ಗಾಳಿ ಊದುತ್ತಿದ್ದ ಬ್ಯಾಟರಿ ಯಂತ್ರವೇ ಉಸಿರು ನಿಲ್ಲಿಸಿತು. ಸುಧಾಕರ ಗಾಬರಿಯಿಂದ ಟೀ ಅಂಗಡಿಯಲ್ಲಿ ಮಗ್ ಕೇಳಿ ತಂದ. ಆಟೊದ ಹಿಂದೆ ನಿಂತು ನೀರು ಮೊಗೆದು, ಮೇಲೆತ್ತಿ, ಮತ್ತೆ ಬಕೆಟ್ಟಿಗೇ ಸುರಿಯತೊಡಗಿದ. ಕ್ಷಣದಲ್ಲಿ ಜನ ಸೇರಿದರು.

"ಇದ್ಯಾಕಣ್ಣ, ಕಾಪಿ ಆರಿಸ್ದಂಗೆ ಆರಿಸ್ತಾ ಇದ್ದೀಯೆ?"

"ಮೀನಿಗೆ ಉಸಿರು ಬೇಕಲ್ವಾ!"

ಒಬ್ಬ ಬಗ್ಗಿ ನೋಡಿದ. "ಎರಡೇ ಅವೆ! ಇದ್ಕೆ ಮಸಾಲೆ ಅರೆಯೋದೇ ದಂಡ ಕಣ್ಲಾ."

ಅಲ್ಲಿಂದ ಊರು ತಲುಪುವವರೆಗೂ ಸುಧಾಕರ ಹಿಂದೆಯೇ ಕೂತು ಮೊಗೆದ, ಸುರಿದ. ರಾಜಣ್ಣ ಹಂಪ್ ಹಾರಿಸಿದಾಗಲೆಲ್ಲ ಸಮುದ್ರದ ಒಂದು ಪಾಲು ಅವನ ಮಡಿಲಿಗೇ ಬೀಳುತ್ತಿತ್ತು. ಮನೆ ಮುಂದೆ ಇಳಿದಾಗ ಅವನು ಈಗಷ್ಟೇ ಬಲೆಗೆ ಬಿದ್ದವನಂತಿದ್ದ.

ಸುಧಾಕರನದು ಮಹಡಿಯ ಬಾಡಿಗೆ ಮನೆ; ಗೇಟಿನಲ್ಲಿ, ಕೆಳಗೆ ವಾಸವಿದ್ದ ಓನರ್ ಚಿಕ್ಕಬಸವಯ್ಯ ನಿಂತಿದ್ದರು. ಅರಿಸಿನದ ವ್ಯಾಪಾರದಲ್ಲಿ ಮೂಟೆ ತೂಗಿ ತೂಗಿ, ಯಾವುದನ್ನು ಕಂಡರೂ ಕಣ್ಣಲ್ಲೇ ತೂಗುವ ಮನುಷ್ಯ.

"ಸಾರ್, ಅದ್ನ ಮೇಲಕ್ಕಾ? ನೀರು, ಕಲ್ಲು, ಗಾಜು, ಎಲ್ಲಾ ಸೇರಿ ಮೋಲ್ಡ್ ಕುಸಿದು ನಮ್ ತಲೆ ಮೇಲೇ ಬಿದ್ಬುಟ್ರೆ?"

"ಗೋಡೆ ಪಕ್ಕಕ್ಕೆ ಇಡ್ತೀನಿ ಯಜಮಾನ್ರೆ..."

"ಇಂಜಿನಿಯರ್ ಹೇಳ್ಲಿ. ಅಲ್ಲೀಗಂಟ ಆಗಕಿಲ್ಲ."

ಹೊತ್ತು ಇಳಿಯುತ್ತಿತ್ತು. ಬಕೆಟ್ಟಿನಲ್ಲಿ ಒಂದು ಮೀನು ವಾಲಿಕೊಂಡಿತ್ತು. ಸುಧಾಕರ ಬಕೆಟ್ಟನ್ನೇ ಎತ್ತಿ ಓನರ್ ಮುಂದೆ ಹಿಡಿದ. "ಜೀವ ಹೋಗ್ತದೆ ಯಜಮಾನ್ರೆ," ಎಂದ.

ಅಷ್ಟರಲ್ಲಿ ಓನರ್ ಹೆಂಡತಿ ದೊಡ್ಡಮಾದಮ್ಮ ಹೊರಗೆ ಬಂದರು. "ಅಯ್ಯೋ ಪಾಪ! ಮನೆ ಬಾಗ್ಲಲ್ಲಿ ಸಾಯ್ಸಬ್ಯಾಡಿ. ನಮ್ ಹಾಲ್‌ನಲ್ಲೇ ಇಡ್ಲಿ, ಬುಡಿ."

ಟಿ.ವಿ. ಮೂಲೆಗೆ ಸರಿಯಿತು. ರಮ್ಯ ಹಳೇ ನೀರಿನ ಕ್ಯಾನ್ ಹೊತ್ತಳು, ರಾಜಣ್ಣ ಕಲ್ಲು ಜೋಡಿಸಿದ, ಸುಧಾಕರ ಪಂಪು ಕೂರಿಸಿದ. ಸ್ವಿಚ್ ಒತ್ತಿದಾಗ ನೀಲಿ ಬೆಳಕು ಹರಡಿತು, ಅಲೆಗೆ ಹವಳ ತೂಗಿತು. ವಾಲಿದ್ದ ಮೀನು ನೆಟ್ಟಗಾಗಿ ಜೊತೆಗಾತಿಯ ಹಿಂದೆ ಹೊರಟಿತು. ರಾಜಣ್ಣ ಸಲಹೆ ಮರೆತು ಗಾಜಿಗೆ ಮೂಗೊತ್ತಿದ.

ಸುಧಾಕರ ಪರಿಚಯದ ಇಂಜಿನಿಯರ್‌ಗೆ ಫೋನ್ ಹಚ್ಚಿ, ಅಳತೆ ಹೇಳಿ, ಒಪ್ಪಿಗೆ ಪಡೆದು, ಬಟ್ಟೆ ಬದಲಿಸಿ ಕುಣಿಯುತ್ತಲೇ ಕೆಳಗಿಳಿದ. ಅಷ್ಟರಲ್ಲಿ ಓನರ್ ಹಾಲು ತುಂಬಿಹೋಗಿತ್ತು. ಉಮ್ಮತ್ತೂರಿನಿಂದ ನೆಂಟರು ಬಂದು ತೊಟ್ಟಿಯ ಮುಂದೆ ಚಾಪೆ ಹಾಕಿದ್ದರು. ಚಿಕ್ಕಬಸವಯ್ಯ ನಡುವೆ ಕುರ್ಚಿಯಲ್ಲಿದ್ದರು.

"ಯಜಮಾನ್ರೆ, ಮೋಲ್ಡ್ ತಡೀತದಂತೆ! ಇಂಜಿನಿಯರೇ ಹೇಳಿದ್ರು. ನಾಳೆ ಮೇಲಕ್ಕೆ..."

"ಶ್!" ಚಿಕ್ಕಬಸವಯ್ಯ ಬೆರಳೆತ್ತಿ ಎರಡೂ ಮೀನುಗಳತ್ತ ತೋರಿಸಿದರು. "ಕೆಂಪ, ಕೆಂಪಿ ಈಗ ತಾನೇ ಹೊಂದ್ಕಂಡವೆ. ಮತ್ತೆ ಅಲ್ಲಾಡ್ಸಿದ್ರೆ ಎದೆ ಒಡ್ಕತವೆ ಸಾರ್. ಅಂಗೇ ಇರ್ಲಿ."

"ಆದ್ರೆ ನಂದು..."

"ನೀವೇನೂ ಸಂಕೋಚ ಪಟ್ಕಬ್ಯಾಡಿ. ಬೆಳಿಗ್ಗೆ, ಸಾಯಂಕಾಲ, ಯಾವಾಗ ಬೇಕಾದ್ರೂ ಬಂದು ಮೇವು ಹಾಕಿ, ಗಾಜು ಒರೆಸ್ಕಂಡು ಓಗಿ."

ಚಾಪೆಯ ಮೇಲಿದ್ದ ಅಜ್ಜಿಯೊಬ್ಬರು ಸುಧಾಕರನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು: "ಇವ್ರ್ಯಾರಪ್ಪ?"

"ನಮ್ ಮೀನು ನೋಡ್ಕಳೋರು ಕಣವ್ವ," ಎಂದರು ಚಿಕ್ಕಬಸವಯ್ಯ ಅಭಿಮಾನದಿಂದ. "ಇರಕ್ಕೆ ಮೇಲ್ಗಡೆ ಮನೇನೂ ಕೊಟ್ಟಿವ್ನಿ."